‘ಕೊರತೆಪಡೆನು’ ಅಂದರೇನು, ಅಯ್ಯನವರೇ?

ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಪಾಲಕ, ಎಂದರೆ ಪಾದ್ರಿ, ಆಗಿದ್ದಾಗಿನ ಮಾತು. ಸಂಡೇ ಸ್ಕೂಲಿನ ಕಂಠಪಾಠ ಸ್ಪರ್ಧೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಬೈಬಲಿನ 23ನೇ ಕೀರ್ತನೆಯನ್ನು ಎಲ್ಲೂ ತಡವರಿಸದೆ ಒಪ್ಪಿಸಿ ಬಹುಮಾನ ಗೆದ್ದಳು. ಆ ಸ್ಟೀಲ್ ಡಬ್ಬಿ ಹಿಡಿದುಕೊಂಡೇ ಬಂದು ಕೇಳಿದಳು: “ಅಯ್ಯನವರೇ, ಯೆಹೋವ ಕುರುಬ ಆಗಿದ್ರೂ ನಮಗೆ ಯಾಕೆ ಕೊರತೆ ಸಿಗುತ್ತೆ?”

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಮಾಡೆನು, ಹೋಗೆನು ಇದ್ದ ಹಾಗೆ ಇದೂ ಹಳೆಯ ನಿಷೇಧರೂಪ. ಕೊರತೆ ಪಡುವುದಿಲ್ಲ ಎಂದರ್ಥ. ಮಗು ಅದನ್ನು ‘ಪಡೆಯುತ್ತೇನೆ’ ಎಂದುಕೊಂಡಿತ್ತು. ಶಾಲೆಯಲ್ಲಿ ಓದುವುದೆಲ್ಲ ಇಂಗ್ಲಿಷ್. ವಚನವನ್ನು ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಕಿಟ್ಟೆಲ್ ನಿಘಂಟು ಹೊರತಂದ ಪರಂಪರೆಯವರು ನಾವು!

ಕಂಠಪಾಠ ಬೇಡ ಎನ್ನುವವನಲ್ಲ ನಾನು. ಮಕ್ಕಳ ಹೆಸರನ್ನೇ ಮರೆತ ಮುದುಕರು ಆಸ್ಪತ್ರೆ ಹಾಸಿಗೆಯಲ್ಲಿ ಕರ್ತನ ಪ್ರಾರ್ಥನೆಯನ್ನು ನನ್ನ ಜೊತೆ ಪೂರ್ತಿ ಹೇಳಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ನಾವು ಬಹುಮಾನ ಕೊಡುವುದು ಒಪ್ಪಿಸಿದ್ದಕ್ಕೆ, ಕೇಳಿದ್ದಕ್ಕಲ್ಲ. ಇಸ್ರಾಯೇಲರ ಬಿಡುಗಡೆಯ ಹಬ್ಬವಾದ ಪಸ್ಕದ ಕಥೆಯಲ್ಲಿ (ಬೈಬಲಿನ ವಿಮೋಚನಕಾಂಡ 12) ಮಕ್ಕಳು ‘ಈ ಆಚರಣೆಯ ಅರ್ಥವೇನು’ ಎಂದು ಕೇಳಿಯೇ ಕೇಳುತ್ತಾರೆ ಎಂದು ಮೊದಲೇ ಬರೆದಿಟ್ಟಿದೆ. ಹನ್ನೆರಡರ ಯೇಸು ದೇವಾಲಯದಲ್ಲಿ ಬೋಧಕರ ಮಧ್ಯೆ ಕೂತು ಪ್ರಶ್ನೆ ಹಾಕುತ್ತಿದ್ದ. ನಮ್ಮಲ್ಲಿ ಅದೇ ವಯಸ್ಸಿನವರು ಕೇಳಿದರೆ ‘ಅಧಿಕಪ್ರಸಂಗಿ’.

ಇನ್ನು ದೃಢೀಕರಣ, ಅಂದರೆ ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ. ಹದಿನೈದು ಹದಿನಾರರ ಮಕ್ಕಳು, ಎದುರಿಗೆ ಎಸ್ಸೆಸ್ಸೆಲ್ಸಿ, ಟ್ಯೂಷನ್ನುಗಳ ಸಂದಿಯಲ್ಲಿ ನಮ್ಮ ತರಗತಿ. ಬಿಷಪ್ಪರು ಬರುತ್ತಾರೆ, ಬಿಳಿ ಬಟ್ಟೆ, ಫೋಟೊ, ಮೊದಲ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ). ಪಿಯುಸಿಗೆ ಹೋದ ಮೇಲೆ ಅರ್ಧ ಮಂದಿ ಕ್ರಿಸ್‌ಮಸ್‌ಗೆ ಮಾತ್ರ. ಬೀಳ್ಕೊಡುಗೆಯನ್ನೇ ದೃಢೀಕರಣ ಎಂದು ಕರೆಯುತ್ತಿದ್ದೇವೇನೋ ಎಂದು ನನಗೆ ಅನ್ನಿಸಿದ್ದುಂಟು.

ಆಮೇಲೆ ಒಂದು ಬದಲಾವಣೆ ಮಾಡಿದೆ. ಪ್ರತಿ ಅಭ್ಯರ್ಥಿಗೂ ಸಭೆಯ ಒಬ್ಬ ಹಿರಿಯರು, ರಕ್ತಸಂಬಂಧಿ ಅಲ್ಲದವರು, ಒಂದು ವರ್ಷದ ಮಟ್ಟಿಗೆ. ತಿಂಗಳಿಗೊಮ್ಮೆ ಹಾಸಿಗೆ ಹಿಡಿದವರ ಮನೆಗೆ ಹೋಗುವಾಗ ಜೊತೆಗೆ ಬರಬೇಕು. (ಮಗುವನ್ನು ಒಬ್ಬರೇ ಹಿರಿಯರ ಜೊತೆ ಎಂದೂ ಕಳಿಸುವುದಿಲ್ಲ, ಇನ್ನೊಬ್ಬರು ಇರಲೇಬೇಕು. ‘ನಮ್ಮ ಸಭೆಯವರೇ ಅಲ್ವಾ’ ಎಂಬ ಸಲುಗೆಗೆ ಇಲ್ಲಿ ಜಾಗವಿಲ್ಲ.) ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ಸಿಕ್ಕವನು ಮಹಾ ಮೌನಿ. ಒಂದು ದಿನ ವ್ಯಾನಿನಲ್ಲಿ, “ಅಷ್ಟು ಪ್ರಾರ್ಥನೆ ಮಾಡಿದ್ರೂ ನಮ್ಮಜ್ಜಿ ಯಾಕೆ ಸತ್ರು?” ಎಂದ. ನಾನು ಬಾಯಿ ತೆರೆಯುವುದರೊಳಗೆ ಅವರು, “ನಮ್ಮ ಮನೆಯವಳು ಹೋದಾಗ ನಾನೂ ಇದನ್ನೇ ಕೇಳ್ದೆ ಕಣೋ. ಇವತ್ತಿಗೂ ಕೇಳ್ತಾನೇ ಇದೀನಿ” ಅಂದರು. ನನ್ನ ಹತ್ತಿರ ಇದಕ್ಕಿಂತ ಉದ್ದದ ಉತ್ತರವಿತ್ತು. ಹೇಳದಿದ್ದದ್ದೇ ಒಳ್ಳೆಯದಾಯಿತು.

ಶಿಶುವಿನ ದೀಕ್ಷಾಸ್ನಾನದ ದಿನ ಈ ಮಗುವಿನ ಹೊಣೆ ಹೊರುತ್ತೀರಾ ಎಂದರೆ ಸಭೆಯೆಲ್ಲ ಹೂಂ ಅನ್ನುತ್ತದೆ. ಹದಿನೆಂಟು ತುಂಬಿದ ಮೇಲೆ ಅದೇ ಮಗುವಿಗೆ ನಾವು ಒಪ್ಪಿಸುವುದು ಕುರ್ಚಿ ಜೋಡಿಸುವುದನ್ನು, ಮೈಕಿನ ವೈರು ಸುತ್ತುವುದನ್ನು. ಸಭಾ ಸಮಿತಿಯಲ್ಲಿ ಕುರ್ಚಿ ಕೇಳಿದರೆ ಮಾತ್ರ ‘ಇನ್ನೂ ಚಿಕ್ಕವರು’.

ಈಗಿರುವ ಸಭೆಯಲ್ಲಿ ತಿಂಗಳ ಎರಡನೇ ಭಾನುವಾರ ವಾಚನ, ಬಾಗಿಲಲ್ಲಿ ಸ್ವಾಗತ, ಕಾಣಿಕೆ ಚೀಲ ಎಲ್ಲ ಮಕ್ಕಳದು. ತಪ್ಪುತ್ತಾರೆ. ಕಳೆದ ಸಲ ಒಬ್ಬ ‘ಫರಿಸಾಯರು’ ಎನ್ನಲು ಮೂರು ಸಲ ಎಡವಿದ. ಮುಂದಿನ ಸಾಲಿನ ಅಜ್ಜಿ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿಕೊಟ್ಟರು. ಅವನು “ಥ್ಯಾಂಕ್ಸ್ ಅಜ್ಜಿ” ಎಂದು ಮೈಕಿನಲ್ಲೇ ಹೇಳಿ ಮುಂದೆ ಓದಿದ.