ವಾರ್ಡಿಗೆ ಬಂದ ತಳ್ಳುಗಾಡಿ

ವೈದ್ಯಕೀಯ ಪುರಾವೆಗಳನ್ನು ಹುಡುಕಿ ಕೂಡಿಸಿ ಕೊಡುವ ಕೊಕ್ರೇನ್ ಅನ್ನುವ ಸಂಸ್ಥೆಯ ಹಳೆಯ ಲೋಗೋ ನೋಡಿದ್ದೀರಾ? ನಡುವೆ ಒಂದು ಉದ್ದ ಗೆರೆ, ಅದರ ಆಚೀಚೆ ಏಳು ಅಡ್ಡ ಗೆರೆ. ಚೆಂದಕ್ಕೆ ಅಂತ ಸುಮ್ನೆ ಎಳೆದದ್ದಲ್ಲ, ಒಂದೊಂದು ಅಡ್ಡ ಗೆರೆಯೂ ಒಂದೊಂದು ಟ್ರಯಲ್, ಅಂದ್ರೆ ಒಂದೇ ಇಂಜೆಕ್ಷನ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ರೋಗಿಗಳಲ್ಲಿ ನಡೆಸಿದ ಒಂದೊಂದು ಪರೀಕ್ಷೆ.

ಆ ಇಂಜೆಕ್ಷನ್ ಕತೆ ಶುರುವಾಗುವುದು ನ್ಯೂಜಿಲೆಂಡ್‌ನ ಕುರಿಗಳಿಂದ. ಸ್ಟೀರಾಯ್ಡ್ ಕೊಟ್ಟಾಗ ದಿನ ತುಂಬದೆ ಹುಟ್ಟಿದ ಮರಿ ಉಸಿರಾಡುತ್ತಿತ್ತು, ಅಷ್ಟು ಎಳೆಯ ಮರಿ ಉಸಿರಾಡುವುದೇ ಕಷ್ಟ. ಇದನ್ನು ಗಮನಿಸಿದ ಲಿಗ್ಗಿನ್ಸ್ ಎಂಬ ಹೆರಿಗೆ ಡಾಕ್ಟರು, ಹೋವಿ ಎಂಬ ಮಕ್ಕಳ ಡಾಕ್ಟರ ಜೊತೆ ಸೇರಿ ಅದನ್ನೇ ತಾಯಂದಿರ ಮೇಲೆ ಪರೀಕ್ಷಿಸಿದರು. ಅವಧಿಗೆ ಮೊದಲೇ ಹೆರಿಗೆ ಆಗುವಂತಿದ್ದರೆ ತಾಯಿಗೆ ಇಂಜೆಕ್ಷನ್, ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಫಲಿತಾಂಶ ಅಚ್ಚಾದದ್ದು 1972ರಲ್ಲಿ.

ಆಮೇಲೆ ಬೇರೆಯವರೂ ಟ್ರಯಲ್ ಮಾಡಿದರು. ಹೆಚ್ಚಿನವು ಸಣ್ಣವು, ಒಂದನ್ನೇ ಓದಿದರೆ ಲಾಭ ಇದೆಯೋ ಇಲ್ಲವೋ ಅಂತ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕೂಡಿಸಿ ನೋಡಿದ್ದು 1989ರ ಹೊತ್ತಿಗೆ. ಎಲ್ಲ ಡಾಕ್ಟರೂ ಕೊಡಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಹೇಳಿದ್ದು 1994ರಲ್ಲಿ. ಅಂದ್ರೆ 22 ವರ್ಷ! ಅಷ್ಟರಲ್ಲಿ ಹೋದ ಮಕ್ಕಳೆಷ್ಟೋ. ಔಷಧಿ ದುಬಾರಿಯೂ ಆಗಿರಲಿಲ್ಲ.

ಹೆರಿಗೆಗೆ ಸಂಬಂಧಿಸಿದ ಟ್ರಯಲ್‌ಗಳನ್ನೆಲ್ಲ ಹುಡುಕಿ ಜೋಡಿಸುವ ಕೆಲಸಕ್ಕೆ ಇಳಿದವರು ಆಕ್ಸ್‌ಫರ್ಡ್‌ನ ಇಯಾನ್ ಚಾಮರ್ಸ್ ಮತ್ತು ಗೆಳೆಯರು. 1988ರಲ್ಲಿ ಆ ಸಂಗ್ರಹ ಫ್ಲಾಪಿಯಲ್ಲಿ ಹೊರಬಂತು. 1993ರಲ್ಲಿ ಕೊಕ್ರೇನ್ ಹುಟ್ಟಿತು. 1997ರಲ್ಲಿ ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ ಪಬ್‌ಮೆಡ್ ಎಲ್ಲರಿಗೂ ಫ್ರೀ ಆಯಿತು. ಆದರೆ ಅಲ್ಲಿ ಒಂದು ಪದ ಹಾಕಿದರೆ ಸಾವಿರಾರು ಲೇಖನ ಸುರಿಯುತ್ತವೆ, ಓಪಿಡಿಯಲ್ಲಿ ಕ್ಯೂ ಬೆಳೆಯುತ್ತಿರುವಾಗ ಅದನ್ನೆಲ್ಲ ಯಾರು ಓದ್ತಾರೆ, ಅಲ್ವಾ?

ಇದಕ್ಕೆ ಡೇವಿಡ್ ಸ್ಯಾಕೆಟ್ ಎಂಬ ಡಾಕ್ಟರು ಒಂದು ಮಜವಾದ ಪ್ರಯೋಗ ಮಾಡಿದರು. ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಕಂಪ್ಯೂಟರ್, ಪ್ರೊಜೆಕ್ಟರ್, ಜೊತೆಗೆ ಮೊದಲೇ ಸೋಸಿಟ್ಟ ಪುರಾವೆಗಳನ್ನು ಒಂದು ತಳ್ಳುಗಾಡಿಗೆ ಏರಿಸಿ ವಾರ್ಡಿಗೆ ತಂದರು. ನಮ್ಮ ಬೀದಿಯ ತರಕಾರಿ ಗಾಡಿ ನೆನಪಾಗುತ್ತದೆ ನನಗೆ. ಒಂದು ತಿಂಗಳಲ್ಲಿ 98 ಸಲ ಹುಡುಕಾಟ ನಡೆಯಿತು. ರೋಗಪತ್ತೆಗೆ ಇಲ್ಲವೇ ಚಿಕಿತ್ಸೆಗೆ ಸಂಬಂಧಿಸಿದ ಉತ್ತರ ಸಿಕ್ಕ ಸಂದರ್ಭಗಳಲ್ಲಿ ಅರ್ಧದಷ್ಟು ಸಲ ಡಾಕ್ಟರ ಯೋಚನೆ ಸರಿ ಅಂತಲೇ ಆಯಿತು, ಉಳಿದ ಅರ್ಧದಲ್ಲಿ ಹೊಸದೇನೋ ಸೇರಿತು ಇಲ್ಲವೇ ಮೊದಲಿನದು ತಿದ್ದಿಹೋಯಿತು. ಗಾಡಿ ತೆಗೆದ ಮೇಲೆ ಪ್ರಶ್ನೆಗಳೇನೂ ಕಡಿಮೆ ಆಗಲಿಲ್ಲ, ಇನ್ನೂ ಹೆಚ್ಚಾದವು. ಆದರೆ ಎದ್ದು ಹೋಗಿ ಹುಡುಕಿದ್ದು ಶೇ. 12ರಷ್ಟು ಸಲ ಮಾತ್ರ. ಸೋಮಾರಿಗಳು ಅಂತ ಬೈಯಲು ನನಗಂತೂ ಮನಸ್ಸಿಲ್ಲ, ಲೈಬ್ರರಿ ಎಷ್ಟೇ ಹತ್ತಿರ ಇದ್ದರೂ ಕೈಯಲ್ಲಿ ರೋಗಿ ಇರುವಾಗ ಅದು ದೂರವೇ.

ಈಗ ಆ ಗಾಡಿ ಮೊಬೈಲಿನೊಳಗೆ ಕೂತಿದೆ. ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಚಂದಾ ಕಟ್ಟಿದ್ದರಿಂದ 2007ರಲ್ಲಿ ಕೊಕ್ರೇನ್‌ನ ಆನ್‌ಲೈನ್ ಸಂಗ್ರಹವಾದ ಕೊಕ್ರೇನ್ ಲೈಬ್ರರಿ ಭಾರತದವರಿಗೂ ಫ್ರೀ ಆಗಿ ತೆರೆಯಿತು.

ಇಂಜೆಕ್ಷನ್ ಕತೆ ಅಲ್ಲಿಗೇ ನಿಲ್ಲಲಿಲ್ಲ ನೋಡಿ. ಬೆಳಗಾವಿಯೂ ಸೇರಿ ಆರು ದೇಶಗಳ ಹಳ್ಳಿ, ಪಟ್ಟಣಗಳಲ್ಲಿ ನಡೆದ ದೊಡ್ಡ ಟ್ರಯಲ್‌ನಲ್ಲಿ, ಸ್ಟೀರಾಯ್ಡ್ ಬಳಕೆ ಹೆಚ್ಚಿಸಿದ ಕಡೆಯೇ ಶಿಶುಗಳ ಸಾವು ಸ್ವಲ್ಪ ಜಾಸ್ತಿ ಕಂಡಿತು. ಎಲ್ಲರಿಗೂ ಗಲಿಬಿಲಿ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಬೆಳಗಾವಿಯೂ ಸೇರಿ ಐದು ದೇಶಗಳಲ್ಲಿ ನೋಡಿತು, ಈ ಸಲ ಆರೈಕೆ ಚೆನ್ನಾಗಿರುವ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ದಿನ ಲೆಕ್ಕ ಹಾಕಿ. ಸಾವು ಇಳಿಯಿತು. ಅದು ಪ್ರಕಟವಾದದ್ದು 2020ರ ಅಕ್ಟೋಬರಿನಲ್ಲಿ. ಕೊಕ್ರೇನ್ ತನ್ನ ಹಳೆಯ ಲೆಕ್ಕಕ್ಕೆ ಅದನ್ನು ಸೇರಿಸಿ ಆನ್‌ಲೈನ್‌ಗೆ ಹಾಕಿದ್ದು ಅದೇ ಡಿಸೆಂಬರಿನಲ್ಲಿ.