ಹಡಗಿನ ಪಟ್ಟಿಯಲ್ಲಿ ಹೆಸರಿದೆ, ಊರು ಮಾತ್ರ ಇಲ್ಲ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಿಲ್ಲರ್, ಸ್ನೈಡರ್, ಯೇಗರ್ ಅನ್ನೋ ಜರ್ಮನ್ ಮೂಲದ ಮನೆತನಗಳು ಬೇಕಾದಷ್ಟಿವೆ. ಅವುಗಳ ಮೂಲ ಹುಡುಕುವವರಿಗೂ ಕಡಿಮೆಯಿಲ್ಲ. ವಂಶವೃಕ್ಷ 1740ರ ಆಸುಪಾಸಿನ ತನಕ ಹೇಗೋ ಹೋಗುತ್ತದೆ, ಆಮೇಲೆ ಎದುರಿಗೆ ಸಮುದ್ರ. ಆಚೆ ದಡದಲ್ಲಿ ಯಾವ ಹಳ್ಳಿ? ಇಂಟರ್ನೆಟ್ಟಿನಲ್ಲಿ ಕೇಳಿದರೆ ಒಬ್ಬನೇ ಮನುಷ್ಯನಿಗೆ ನಾಲ್ಕು ಹುಟ್ಟೂರು, ಮೂವರು ಅಪ್ಪಂದಿರು ಸಿಗುತ್ತಾರೆ. ಇದು ಇಷ್ಟೊಂದು ಗೋಜಲಾಗಿದ್ದು ಹೇಗೆ?

ಮೊದಲನೆಯದಾಗಿ, ಆಗ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ಪಾಲಟಿನೇಟ್, ವುರ್ಟೆಂಬರ್ಗ್ ಅಂತ ನೂರಾರು ಸಂಸ್ಥಾನಗಳಿದ್ದವು. 1683ರಲ್ಲಿ ಕ್ರೆಫೆಲ್ಡ್‌ನಿಂದ 13 ಕುಟುಂಬಗಳು ಕಾನ್‌ಕಾರ್ಡ್ ಹಡಗಿನಲ್ಲಿ ಬಂದು ಫಿಲಡೆಲ್ಫಿಯಾ ಪಕ್ಕದಲ್ಲಿ ಜರ್ಮನ್‌ಟೌನ್ ಕಟ್ಟಿದವು. 1709ರಲ್ಲಿ ಸಾವಿರಾರು ಜನ ಊರು ಬಿಟ್ಟು ಲಂಡನ್ ಸೇರಿದರು. ಅವರಲ್ಲಿ ಸುಮಾರು 3,000 ಜನರನ್ನು ಮರುವರ್ಷ ನ್ಯೂಯಾರ್ಕಿಗೆ ಕಳಿಸಿ, ಪೈನ್ ಮರದಿಂದ ಬ್ರಿಟಿಷ್ ನೌಕಾಪಡೆಗೆ ಟಾರು ತೆಗೆಯೋ ಕೆಲಸಕ್ಕೆ ಹಚ್ಚಿದರು. ಆ ಯೋಜನೆ ನೆಲಕಚ್ಚಿತು. ಆದರೆ ಇವರಿಗೆಲ್ಲ ಊಟ ಹಾಕಿದ ಲೆಕ್ಕವನ್ನು ಗವರ್ನರ್ ರಾಬರ್ಟ್ ಹಂಟರ್ ಬರೆದಿಡಿಸಿದ್ದ, ದುಡ್ಡು ವಾಪಸ್ ಕೇಳಬೇಕಿತ್ತಲ್ಲ! ಇವತ್ತು ಆ ಕುಟುಂಬಗಳ ಜಾಡು ಸಿಗುವುದಕ್ಕೆ ಆ ರೇಷನ್ ಲೆಕ್ಕವೇ ಮುಖ್ಯ ಆಧಾರ.

ಫಿಲಡೆಲ್ಫಿಯಾದಲ್ಲಿ ಪಟ್ಟಿ ಹುಟ್ಟಿದ್ದು ದುಡ್ಡಿಗಾಗಿ ಅಲ್ಲ, ಭಯದಿಂದ. ಇಂಗ್ಲಿಷ್ ಬಾರದ ಇಷ್ಟೊಂದು ಜನ ಬಂದರೆ ನಮ್ಮ ಗತಿಯೇನು ಅನ್ನೋ ಗೊಣಗಾಟ 1717ರಲ್ಲೇ ಶುರುವಾಗಿತ್ತು. 1727ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೌನ್ಸಿಲ್ ಒಂದು ನಿಯಮ ಮಾಡಿತು. ಹಡಗಿನ ಕ್ಯಾಪ್ಟನ್ ಜನರ ಪಟ್ಟಿ ಕೊಡಬೇಕು, 16 ವರ್ಷ ದಾಟಿದ ಗಂಡಸರು ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕು. ಆ ತಿಂಗಳೇ ಬಂದ 'ವಿಲಿಯಂ ಅಂಡ್ ಸಾರಾ' ಹಡಗಿನವರಿಂದ ಇದು ಜಾರಿಗೆ ಬಂತು.

ಇವತ್ತು ಎಲ್ಲರೂ 'ಪ್ಯಾಸೆಂಜರ್ ಲಿಸ್ಟ್' ಅನ್ನುತ್ತಾರಲ್ಲ, ಅದು ಇದೇ. ನಿಜ ಹೇಳಬೇಕೆಂದರೆ ಅದು ಪ್ರಯಾಣಿಕರ ಪಟ್ಟಿಯೇ ಅಲ್ಲ, ಪ್ರಮಾಣ ಮಾಡಿದವರ ಪಟ್ಟಿ. ಹೆಂಗಸರು, ಮಕ್ಕಳು ಬಹುಪಾಲು ಇಲ್ಲ. ಕಾಯಿಲೆ ಬಿದ್ದು ಹಡಗಿನಲ್ಲೇ ಮಲಗಿದವನ ಸಹಿ ಇರುವುದಿಲ್ಲ. ಕ್ಯಾಪ್ಟನ್ ಕೊಟ್ಟ ಪಟ್ಟಿಗಳು ಉಳಿದಿರುವುದು ಕೆಲವು ಹಡಗುಗಳದ್ದು ಮಾತ್ರ. ಊರಿನ ಹೆಸರು ಯಾರಿಗೂ ಬೇಕಿರಲಿಲ್ಲ, 'ರಾಟರ್‌ಡ್ಯಾಮ್‌ನಿಂದ ಕೌಸ್ ಮಾರ್ಗವಾಗಿ' ಅಂತ, ಅಂದರೆ ಹಾಲೆಂಡಿನ ಬಂದರಿನಿಂದ ಇಂಗ್ಲೆಂಡಿನ ಬಂದರಿನ ಮೂಲಕ ಅಂತ ಬರೆದರೆ ಮುಗೀತು. ಅದನ್ನು ನೋಡಿ, ಜೊತೆಗೆ ಆಗಿನ ಇಂಗ್ಲಿಷಿನಲ್ಲಿ ಜರ್ಮನ್ನರನ್ನೂ 'ಡಚ್' ಅನ್ನುತ್ತಿದ್ದದ್ದನ್ನು ನಂಬಿ, ಎಷ್ಟೋ ಜನ ಹಾಲೆಂಡಿನಲ್ಲಿ ಸುಮ್ನೆ ಹುಡುಕಿ ಸುಸ್ತಾಗಿದ್ದಾರೆ.

ಇನ್ನು ಹೆಸರಿನ ಪಾಡು. ಓದು ಬರಹ ಬಾರದವನು ಒಂದು ಗೀಟೆಳೆಯುತ್ತಿದ್ದ, ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಬರೆಯುತ್ತಿದ್ದ. ಹ್ಯೂಬರ್ ಹೂವರ್ ಆದ, ಶ್ನೈಡರ್ ಸ್ನೈಡರ್ ಆದ, ಕೆಲವು ಕಡೆ ಅರ್ಥವನ್ನೇ ಅನುವಾದಿಸಿ ಟೇಲರ್ ಆದ. ಇದರ ಮೇಲೆ ಯೋಹಾನ್ ಕಾಟ ಬೇರೆ. ಒಂದೇ ಮನೆಯ ಗಂಡುಮಕ್ಕಳೆಲ್ಲ ಯೋಹಾನ್ ಗೇಯಾರ್ಗ್, ಯೋಹಾನ್ ಪೇಟರ್. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಆದರೆ ಯೋಹಾನೆಸ್ ಅಂತಿದ್ದರೆ ಅದೇ ಅವನ ಹೆಸರು. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ಅಣ್ಣ ತಮ್ಮಂದಿರನ್ನು ಒಬ್ಬನನ್ನಾಗಿ ಮಾಡಿದ ವಂಶವೃಕ್ಷಗಳು ಎಷ್ಟಿವೆಯೋ!

ಹಡಗಿನ ಬಾಡಿಗೆ ಕೊಡಲಾಗದವರ ಕಥೆ ಇನ್ನೂ ಕಷ್ಟದ್ದು. ಬಾಕಿ ತೀರಿಸಲು ವರ್ಷಗಟ್ಟಲೆ ಜೀತದಂತೆ ದುಡಿಯಬೇಕಿತ್ತು. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ. ಪಟ್ಟಿಯಲ್ಲಿ ಹೆಸರಿಲ್ಲದ ಹತ್ತು ವರ್ಷದ ಹುಡುಗ ಯಾರದೋ ಹೊಲದಲ್ಲಿ ಬೆಳೆದು ದೊಡ್ಡವನಾದ ಮೇಲೆ ಅವನನ್ನು ಯಾರ ಮಗ ಅಂತ ಹೇಳುವುದು? ಜರ್ಮನ್‌ಟೌನಿನಲ್ಲಿ ಕ್ರಿಸ್ಟಫರ್ ಸೌರ್ 1739ರಲ್ಲಿ ಶುರು ಮಾಡಿದ ಜರ್ಮನ್ ಪತ್ರಿಕೆಯಲ್ಲಿ ಬಂಧುಗಳನ್ನು ಹುಡುಕುವ ಜಾಹೀರಾತುಗಳು ಬರುತ್ತಿದ್ದವು. ಅಂದರೆ ಈ ಹುಡುಕಾಟ ನಮ್ಮ ಕಾಲದ ಹವ್ಯಾಸವಲ್ಲ, ಬಂದಿಳಿದವರೇ ಶುರು ಮಾಡಿದ್ದು.

1749ರಿಂದ 1754ರ ನಡುವೆ ಜನ ನೆರೆಯಂತೆ ಬಂದರು, 30,000ಕ್ಕೂ ಜಾಸ್ತಿ. ಆಮೇಲೆ ಯುದ್ಧ, ಸ್ವಾತಂತ್ರ್ಯ, ಮರೆವು. 1856ರಲ್ಲಿ ಇತಿಹಾಸಕಾರ ಡೇನಿಯಲ್ ರಪ್ ಹೀಗೆ ಬಂದವರ ಮೂವತ್ತು ಸಾವಿರ ಹೆಸರುಗಳ ಸಂಗ್ರಹ ಅಚ್ಚು ಹಾಕಿಸಿದರು. ಹಳೇ ಜರ್ಮನ್ ಕೈಬರಹ ಓದುವಾಗ ತಪ್ಪುಗಳು ನುಸುಳಿದ್ದವು, ಅವು ಇಂದಿಗೂ ಓಡಾಡುತ್ತಿವೆ. 1934ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಅನ್ನೋ ಇಬ್ಬರು ಸಂಶೋಧಕರು ಸಹಿಗಳ ಪ್ರತಿಕೃತಿಯನ್ನೇ ಛಾಪಿಸಿದ್ದು ದೊಡ್ಡ ಉಪಕಾರ. ಉಯಿಲಿನಲ್ಲಿರುವ ಸಹಿಯನ್ನು ಹಡಗಿನ ಸಹಿಯ ಪಕ್ಕ ಇಟ್ಟು ನೋಡಬಹುದಾಯಿತು.

ಆದರೂ ಊರು ಸಿಗಬೇಕಲ್ಲ. ಅದಕ್ಕೆ ಒಳ್ಳೆ ದಾರಿ ತೋರಿಸಿದವರಲ್ಲಿ ಹೆನ್ರಿ ಜೋನ್ಸ್ ಒಬ್ಬರು. ಮೊದಲು ನಟರಾಗಿದ್ದವರು, ಇದು ನನಗಿಷ್ಟವಾದ ಸಂಗತಿ. 1710ರ ನ್ಯೂಯಾರ್ಕಿನ 847 ಕುಟುಂಬಗಳ ಬಗ್ಗೆ ಅವರ ಪುಸ್ತಕ 1985ರಲ್ಲಿ ಬಂತು. ಅವರ ಉಪಾಯ ಸರಳ. ಒಬ್ಬನನ್ನೇ ಬೆನ್ನಟ್ಟಬೇಡಿ, ಅವನ ಅಕ್ಕಪಕ್ಕದವರನ್ನು ನೋಡಿ. ಪಟ್ಟಿಯಲ್ಲಿ ಹಿಂದೆ ಮುಂದೆ ಇದ್ದವರು ಯಾರು, ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರು ಯಾರು? ಒಂದೇ ಸೀಮೆಯ ಜನ ಜೊತೆಯಾಗಿ ಹೊರಟವರು, ಇಲ್ಲೂ ಜೊತೆಗೇ ನೆಲೆಸಿದರು. ಒಬ್ಬನ ಊರು ಸಿಕ್ಕರೆ ಸುತ್ತಲಿನ ಹಳ್ಳಿಗಳ ಚರ್ಚ್ ಪುಸ್ತಕದಲ್ಲಿ ಉಳಿದವರೂ ಸಿಗುತ್ತಾರೆ. ಆಗ ಹೆಂಗಸರೂ ಸಿಗುತ್ತಾರೆ, ತವರಿನ ಹೆಸರಿಗೆ 'ಇನ್' ಸೇರಿ ಮ್ಯುಲ್ಲರಿನ್ ಆಗಿ. ಇದಕ್ಕೆ ತಾಳ್ಮೆ ಬೇಕು. ಹೆಸರು ಹೊಂದಿತು ಅಂತ ಒಂದು ಬಟನ್ ಒತ್ತಿ ಇನ್ನೊಬ್ಬರ ವಂಶವನ್ನು ನಮ್ಮದಕ್ಕೆ ಅಂಟಿಸಿಕೊಳ್ಳುವುದು ಸುಲಭ, ಅಲ್ವಾ?

ಊರು ಸಿಕ್ಕಮೇಲೂ ಕೆಲಸ ಮುಗಿಯುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಅವರ ಪೂರ್ವಿಕ ಆಂಡ್ರೆಯಾಸ್ ಹ್ಯೂಬರ್ 1738ರಲ್ಲಿ ಪಾಲಟಿನೇಟಿನ ಎಲ್ಲರ್‌ಸ್ಟಾಟ್‌ನಿಂದ ಬಂದವನು. ಸರಿ, ಊರು ಸಿಕ್ಕಿತು ಅಂತ ಅಲ್ಲಿ ಕೆದಕಿದರೆ, ಆ ಮನೆಯವರೂ ಅಲ್ಲಿಯವರಲ್ಲ. ಯುದ್ಧದಲ್ಲಿ ಪಾಳುಬಿದ್ದ ಆ ಸೀಮೆಗೆ ಜಮೀನು ಹುಡುಕಿಕೊಂಡು ಸ್ವಿಟ್ಜರ್ಲೆಂಡಿನಿಂದ ಎಷ್ಟೋ ಜನ ಇಳಿದು ಬಂದಿದ್ದರು. ಹ್ಯೂಬರ್‌ಗಳೂ ಬಂದದ್ದು ಅಲ್ಲಿಂದಲೇ, ಓಬರ್‌ಕುಲ್ಮ್ ಅನ್ನೋ ಹಳ್ಳಿಯಿಂದ.