ಒಡೆಯದಿರುವುದು ಬೇರೆ, ಬಾಗದಿರುವುದು ಬೇರೆ

ಮರದಲ್ಲಿ ಕಾಲುವೆಯಂಥ ಗ್ರೂವ್ ಕೊರೆಯುವ ಯಂತ್ರ ರೌಟರ್. ಮರವನ್ನು ಮೇಲೆ ಸರಿಸುತ್ತಾ ಕೊರೆಯಲು ರೌಟರನ್ನು ಮೇಜಿನ ಅಡಿಗೆ ತಲೆಕೆಳಗಾಗಿ ತೂಗುಹಾಕಬೇಕೆಂದರೆ ಅದನ್ನು ಹಿಡಿದುಕೊಳ್ಳಲು ಒಂದು ಪ್ಲೇಟ್ ಬೇಕು. ಮೇಜಿನ ದಪ್ಪ ಹಲಗೆಗೇ ನೇರವಾಗಿ ಬಿಗಿದರೆ ಬಿಟ್, ಅಂದರೆ ತಿರುಗುತ್ತಾ ಮರ ಕೊರೆಯುವ ಅಲಗು, ಸಾಕಷ್ಟು ಮೇಲೆ ಬರುವುದಿಲ್ಲ. ಹಾಗಾಗಿ ಹಲಗೆಯಲ್ಲಿ ಕಿಂಡಿ ಕೊರೆದು, ಅದರ ಅಂಚಿಗೆ ಮೆಟ್ಟಿಲು ಮಾಡಿ, ಆರರಿಂದ ಹತ್ತು ಮಿಲಿಮೀಟರ್ ದಪ್ಪದ ಪ್ಲೇಟ್ ಕೂರಿಸುತ್ತೇವೆ. ಸುತ್ತಲಿನ ಅಂಚು ಬಿಟ್ಟರೆ ಅದಕ್ಕೆ ಬೇರೆ ಆಸರೆ ಇಲ್ಲ. ನಡುವೆ ನಾಲ್ಕೈದು ಕಿಲೋ ತೂಕದ ಯಂತ್ರ ಹಗಲೂ ರಾತ್ರಿ ಜೋತುಬಿದ್ದಿರುತ್ತದೆ.

ನಾನು ಮೊದಲು ಹಾಕಿದ್ದು 6 ಮಿ.ಮೀ. ದಪ್ಪದ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ನುಣುಪಾಗಿತ್ತು, ನೋಡಲು ಚೆಂದವಿತ್ತು. ಕೆಲವು ತಿಂಗಳಲ್ಲಿ ಗ್ರೂವ್‌ಗಳ ಆಳ ಹೆಚ್ಚುಕಡಿಮೆಯಾಗತೊಡಗಿತು. ಸ್ಟೀಲ್ ಮಟ್ಟಗೋಲನ್ನು ಪ್ಲೇಟಿನ ಮೇಲೆ ಅಡ್ಡಲಾಗಿಟ್ಟು ಆಚೆಯಿಂದ ಟಾರ್ಚ್ ಬಿಟ್ಟರೆ ನಡುವೆ ಬೆಳಕಿನ ಗೆರೆ ಕಂಡಿತು. ಕಾಗದ ಮಡಿಸಿ ಆ ಸಂದಿಗೆ ತೂರಿಸಿದೆ. ನಾಲ್ಕು ಪದರ ಸಲೀಸಾಗಿ ಹೋಯಿತು. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಅಂದರೆ 0.4 ಮಿ.ಮೀ. ತಗ್ಗು. ಉದ್ದದ ಹಲಗೆ ಈ ತಗ್ಗಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ಗ್ರೂವ್ ಆಳವಾಗುವುದಿಲ್ಲ. ಚಿಕ್ಕ ತುಂಡು ತಗ್ಗಿಗೆ ಇಳಿಯುತ್ತದೆ, ಗ್ರೂವ್ ಆಳವಾಗುತ್ತದೆ. ಎರಡನ್ನೂ ಜೋಡಿಸಲು ಹೋದರೆ ಜಾಯಿಂಟ್ ಕೂರುವುದೇ ಇಲ್ಲ.

ರೌಟರ್ ಬಿಚ್ಚಿಟ್ಟ ಮೇಲೂ ತಗ್ಗು ಹಾಗೇ ಉಳಿದಿತ್ತು. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಅಕ್ರಿಲಿಕ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ಗಳ ಉದ್ದುದ್ದ ಅಣುಸರಪಳಿಗಳು ಹೆಣೆದುಕೊಂಡಿದ್ದರೂ ಒಂದಕ್ಕೊಂದು ಗಂಟು ಬಿದ್ದಿರುವುದಿಲ್ಲ. ಸದಾ ಭಾರ ಇದ್ದರೆ ಕೋಣೆಯ ಉಷ್ಣತೆಯಲ್ಲೇ ನಿಧಾನವಾಗಿ ಜಾರುತ್ತವೆ. ಮೋಟಾರಿನ ಬಿಸಿ ತಗುಲಿದರೆ ಜಾರಿಕೆ ಇನ್ನಷ್ಟು ಚುರುಕಾಗುತ್ತದೆ.

ಪಾಲಿಕಾರ್ಬೊನೇಟನ್ನು ಎಲ್ಲರೂ ಮೆಚ್ಚುವುದು ಅದು ಒಡೆಯುವುದಿಲ್ಲವೆಂದು. ನಿಜ, ಸುರಕ್ಷತಾ ಕನ್ನಡಕ ಮಾಡುವುದು ಅದರಿಂದಲೇ. ಆದರೆ ಪ್ಲೇಟಿಗೆ ಬೇಕಾದದ್ದು ಬಿಗಿತ, ಹೊಡೆತ ತಾಳುವ ಶಕ್ತಿಯಲ್ಲ. ಬಿಗಿತವನ್ನು ಅಳೆಯುವುದು ಯಂಗ್ಸ್ ಮಾಡ್ಯುಲಸ್ ಎಂಬ ಅಂಕಿಯಿಂದ, ಅದು ಹೆಚ್ಚಿದ್ದಷ್ಟೂ ವಸ್ತು ಕಡಿಮೆ ಬಾಗುತ್ತದೆ: ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70, ಅಕ್ರಿಲಿಕ್‌ಗೆ 3, ಪಾಲಿಕಾರ್ಬೊನೇಟ್‌ಗೆ 2.4ರ ಆಸುಪಾಸು. ಒಡೆಯದ ಪಾಲಿಕಾರ್ಬೊನೇಟ್ ಸುಲಭವಾಗಿ ಒಡೆಯುವ ಅಕ್ರಿಲಿಕ್‌ಗಿಂತಲೂ ಹೆಚ್ಚು ಬಾಗುತ್ತದೆ!

ದಪ್ಪ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಪ್ಲೇಟಿನ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಅಷ್ಟಾದರೂ 6 ಮಿ.ಮೀ. ಅಲ್ಯೂಮಿನಿಯಂಗೆ ಸರಿಗಟ್ಟಲು ಪಾಲಿಕಾರ್ಬೊನೇಟ್ ಸುಮಾರು 18.5 ಮಿ.ಮೀ. ಇರಬೇಕು. ಆಗ ಬಿಟ್ ಮತ್ತೆ ಮೇಲೆ ಬರುವುದಿಲ್ಲ, ಪ್ಲೇಟ್ ಹಾಕಿದ ಉದ್ದೇಶವೇ ಹೋಯಿತು. ಉಕ್ಕಾದರೆ 4.2 ಮಿ.ಮೀ. ಸಾಕು, ಆದರೆ ತೂಕ ಎರಡು ಪಟ್ಟು, ತುಕ್ಕಿನ ಕಾಟ, ಮರಗೆಲಸದ ಉಪಕರಣಗಳಿಗೆ ಅದು ಜಗ್ಗುವುದೂ ಇಲ್ಲ.

ಪ್ಲಾಸ್ಟಿಕ್ಕೇ ಬೇಕೆಂದರೆ ಫಿನಾಲಿಕ್ ಶೀಟ್ ಹಾಕಿ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್‌ನ ಬಳಗದ ರಾಳವನ್ನು ಕಾಗದಕ್ಕೋ ಬಟ್ಟೆಗೋ ಹೀರಿಸಿ, ಪದರ ಪದರವಾಗಿ ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ ಅದು. ಅದರ ಸರಪಳಿಗಳು ಅಡ್ಡಡ್ಡಲಾಗಿ ಬೆಸೆದುಕೊಂಡಿರುವುದರಿಂದ ಜಾರಿಕೆ ಬಹಳ ಕಡಿಮೆ. ಬಿಗಿತವೂ ಅಕ್ರಿಲಿಕ್‌ನ ಎರಡು ಮೂರು ಪಟ್ಟು. 10 ಮಿ.ಮೀ. ದಪ್ಪದ್ದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ನಾನು ಈಗ ಬಳಸುತ್ತಿರುವುದು ಅಲ್ಯೂಮಿನಿಯಂ. ಕಾರ್ಬೈಡ್ ಹಲ್ಲಿನ ಬ್ಲೇಡಿಗೆ ಮೇಣ ಸವರಿ ನಿಧಾನವಾಗಿ ಕೊಯ್ದರೆ ಅದು ನಮ್ಮ ಮಾತು ಚೆನ್ನಾಗಿ ಕೇಳುತ್ತದೆ. ಕನ್ನಡಕ ಮಾತ್ರ ಹಾಕಿಕೊಳ್ಳಲೇಬೇಕು, ಚೂರುಗಳು ಚೂಪು. ಬರಿ ಲೋಹ ತಿಳಿಬಣ್ಣದ ಮರಕ್ಕೆ ಬೂದು ಮಸಿ ಬಳಿಯುತ್ತದೆ. ಆನೊಡೈಸ್ ಮಾಡಿಸಿದರೆ ಮೇಲೆ ಗಟ್ಟಿ ಆಕ್ಸೈಡ್ ಪದರ ಬಂದು ಆ ತೊಂದರೆ ತಪ್ಪುತ್ತದೆ, ಇಲ್ಲದಿದ್ದರೆ ಆಗಾಗ ಮೇಣ ಉಜ್ಜಬೇಕು.

ಕೊಳ್ಳುವಾಗಲೇ ಮಟ್ಟಗೋಲು ಇಟ್ಟು ನೋಡಿ. ಹೊಸ ಶೀಟಿಗೂ ಕೂದಲೆಳೆಯಷ್ಟು ಬಾಗು ಇರಬಹುದು. ಉಬ್ಬಿರುವ ಮೈಗೆ ಪೆನ್ಸಿಲ್ ಗುರುತು ಹಾಕಿ, ಆ ಮೈ ಮೇಲೆ ಬರುವಂತೆ ಕೂರಿಸಿ. ಆಗ ಮರ ಬಿಟ್‌ನ ಪಕ್ಕದಲ್ಲೇ ಪ್ಲೇಟಿಗೆ ತಾಗುತ್ತದೆ.